ಮೊದಲ ಸಲಾಂ ಯಾರದು?

"ಇನ್ನು ಮುಂದೆ ಈ ಶಿವಮೊಗ್ಗ ಶಹರದಲ್ಲಿ ನನಗಿಂತ ಮೊದಲು ಯಾರೂ ಸಲಾಂ ಹೇಳಕೂಡದು!"

ಗಾಂಧಿ ಬಜಾರಿನಲ್ಲಿ ಸೈಕಲ್ ಶಾಪು ಇಟ್ಟಿದ್ದ ಫಕ್ರುದ್ದೀನ್ ಸಾಹೇಬರು ಒಂದು ಶುಕ್ರವಾರ ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕೂತು ಹೀಗೆ ಘೋಷಣೆ ಹೊರಡಿಸಿದರು. ಅದನ್ನು ಕೇಳಲು ಅಲ್ಲಿದ್ದ ಪ್ರಜೆ ಒಬ್ಬರೇ, ಅವರ ಹೆಂಡತಿ ಖುರ್ಷಿದ್ ಬೇಗಂ.

"ಬೇಡ ಅಂದೋರ್ಯಾರು? ಮೊದಲು ಸಾರಿಗೆ ಉಪ್ಪು ಸಾಕಾ ಹೇಳಿ," ಎಂದರು ಬೇಗಂ.

ಪ್ರಪಂಚದ ದೊಡ್ಡ ಚಳವಳಿಗಳೆಲ್ಲ ಹೀಗೆ ಮನೆಯಲ್ಲೇ ಮೊದಲು ತಣ್ಣೀರು ಎರಚಿಸಿಕೊಳ್ಳುತ್ತವೆ ನೋಡಿ! ಆದರೆ ಸಾಹೇಬರು ಜಗ್ಗುವ ಆಸಾಮಿಯಲ್ಲ. ಬಗ್ಗಿದ ರಿಮ್ಮನ್ನೇ ನೆಟ್ಟಗೆ ಮಾಡುವವರಿಗೆ ಬಗ್ಗಿದ ಲೋಕ ಯಾವ ಲೆಕ್ಕ?

ಇದಕ್ಕೆಲ್ಲ ಮೂಲ ಪಕ್ಕದ ಜವಳಿ ಅಂಗಡಿಯ ಕೊಟ್ರಬಸಪ್ಪನವರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರಿಗೆ ಪ್ರಶ್ನೆ ಹುಟ್ಟುವ ಕಾಯಿಲೆ. ಕತ್ತೆಗೆ ಕೊಂಬು ಯಾಕಿಲ್ಲ, ಸೈಕಲ್ ಬೆಲ್ಲು ಬಲಗಡೆಯೇ ಯಾಕೆ, ಈ ಜಾತಿಯ ಪ್ರಶ್ನೆಗಳು. ಆ ವಾರ ಅವರ ಕಣ್ಣು ಸಾಹೇಬರ ಬಾಯಿಯ ಮೇಲೆ ಬಿತ್ತು.

"ಅಲ್ಲ ಸಾಹೇಬ್ರೆ, ಬೆಳಗಿಂದ ನೋಡ್ತಾ ಇದೀನಿ. ಬಂದೋರಿಗೆಲ್ಲ ಅಸ್ಸಲಾಮು ಅಲೈಕುಂ ಅಂತೀರಿ. ಅವರೂ ತಿರುಗಿಸಿ ಏನೋ ಅಂತಾರೆ. ಹಂಗಂದ್ರೇನು ಮಾರಾಯ್ರೆ?"

"ಹಂಗಂದ್ರೆ... ಹಂಗಂದ್ರೆ ನಮಸ್ಕಾರ ಅಂತ."

"ಅದು ನಂಗೂ ಗೊತ್ತು. ನಾವು ಶರಣಾರ್ಥಿ ಅಂತೀವಿ, ಅಂದ್ರೆ ನಿಮಗೆ ಶರಣು ಅಂತ. ನಿಮ್ಮ ಮಾತಿನ ಒಳಗೆ ಏನಿದೆ ಅಂತ ಕೇಳಿದ್ದು."

ಒಳಗೆ ಏನಿದೆ! ಸಾಹೇಬರು ಬೆಪ್ಪಾದರು. ಗಾಜನೂರು ಅಣೆಕಟ್ಟೆಯ ಕೆಲಸಕ್ಕೆ ಹೋಗುವವರ ಮುರುಕಲು ಸೈಕಲ್ಲಿನಿಂದ ಹಿಡಿದು ಅಮಲ್ದಾರರ ಹೊಸ ಸೈಕಲ್ಲಿನವರೆಗೆ ಎಲ್ಲವನ್ನೂ ಬಿಚ್ಚಿ ಒಳಗೆ ನೋಡಿದವರು, ಮಾತು ಕಲಿತಾಗಿನಿಂದ ನಾಲಿಗೆಯ ಮೇಲಿದ್ದ ಈ ಮಾತನ್ನು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ಅವತ್ತು ಅವರಿಗೆ ಕೆಲಸ ಓಡಲಿಲ್ಲ. ಒಂದು ಸೈಕಲ್ಲಿಗೆ ಹಿಂದಿನ ಬ್ರೇಕನ್ನು ಮುಂದಕ್ಕೆ ಹಾಕಿದರು.

ಶುಕ್ರವಾರ ನಮಾಜು ಮುಗಿದ ಮೇಲೆ ಮೌಲ್ವಿಗಳನ್ನು ಹಿಡಿದುಕೊಂಡು ಕೇಳಿಯೇಬಿಟ್ಟರು. ಮೌಲ್ವಿಗಳು ನಕ್ಕು ಹೇಳಿದರು: "ನಿಮ್ಮ ಮೇಲೆ ಶಾಂತಿ ಇರಲಿ ಅಂತ ಅರ್ಥ. ಇದನ್ನ ಹಂಚಬೇಕು ಫಕ್ರುದ್ದೀನ್ ಭಾಯ್. ಗುರುತಿರೋರಿಗೂ ಹೇಳಬೇಕು, ಇಲ್ಲದೋರಿಗೂ ಹೇಳಬೇಕು. ಸವಾರಿ ಮೇಲಿರೋನು ನಡೆಯೋನಿಗೆ, ನಡೆಯೋನು ಕೂತವನಿಗೆ, ಚಿಕ್ಕವನು ದೊಡ್ಡವನಿಗೆ, ಮನೆಗೆ ಬರೋನು ಮನೆಯೋರಿಗೆ. ಹೇಳೋದು ಒಳ್ಳೆಯತನ. ಹೇಳಿದ್ದಕ್ಕೆ ಜವಾಬು ಕೊಡೋದು ಮಾತ್ರ ಕಡ್ಡಾಯ."

ಸಾಹೇಬರು ಮನೆಗೆ ಬರುವ ದಾರಿಯುದ್ದಕ್ಕೂ ಬೆರಗಾಗಿದ್ದರು. ಅಂದರೆ ಇಷ್ಟು ವರ್ಷ ನಾನು ಕಂಡಕಂಡವರ ಮೇಲೆ ಶಾಂತಿ ಸುರಿಯುತ್ತಲೇ ಬಂದಿದ್ದೀನಾ! ಪೊಲೀಸ್ ಜಮಾದಾರರ ಮೇಲೂ! ಹಾಗಾದರೆ ಸುರಿದ ಶಾಂತಿಯೆಲ್ಲ ಎಲ್ಲಿ ಹೋಯಿತು? ಸರಿಯಾಗಿ ಬಿಗಿಯಾಗಿಲ್ಲದೆ ಎಲ್ಲೋ ಸೋರಿಹೋಗಿರಬೇಕು. ಕ್ರಮವಾಗಿ ಪ್ರಯೋಗಿಸಿ ನೋಡಬೇಕು ಎಂದು ಅವರೊಳಗಿನ ಮೆಕ್ಯಾನಿಕ್ ತೀರ್ಮಾನಿಸಿದ. ಘೋಷಣೆ ಹೊರಟದ್ದು ಆಗಲೇ.

ಮೊದಲ ಪ್ರಯೋಗ ಮನೆಯಲ್ಲೇ ನಡೆಯಿತು. ಅವತ್ತು ಸಂಜೆ ಅಂಗಡಿ ಮುಚ್ಚಿ ಬಂದವರು ಹೊಸ್ತಿಲ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು, "ಅಸ್ಸಲಾಮು ಅಲೈಕುಂ!" ಎಂದು ಗಂಭೀರವಾಗಿ ನುಡಿದರು. ಒಳಗಿಂದ ಗಾಜಿನ ಬಳೆಗಳ ಸದ್ದು, ದಡದಡ ಹೆಜ್ಜೆ, ಬಾಗಿಲು ಮುಚ್ಚಿದ ಸಪ್ಪಳ. ಸಾಹೇಬರು ನಡುಮನೆಯಲ್ಲಿ ಕಾದರು. ಏಲಕ್ಕಿ ಚಹಾದ ಘಮ ಬಂತು, ಚಹಾ ಬರಲಿಲ್ಲ. ಹೆಂಡತಿಯೂ ಬರಲಿಲ್ಲ. ಕೊನೆಗೆ ಅಡುಗೆಮನೆಯ ಬಾಗಿಲ ಸಂದಿಯಿಂದ ಪಿಸುದನಿ ಕೇಳಿತು.

"ಏನ್ರೀ, ಬಂದಿರೋರು ಯಾರು? ಎಷ್ಟು ಜನ?"

"ಯಾರೂ ಇಲ್ವಲ್ಲ. ನಾನೇ ಬಂದಿರೋದು!"

"ನೀವಾ?" ಬೇಗಂ ಸೆರಗು ಕೊಡವಿಕೊಂಡು ಹೊರಗೆ ಬಂದರು. "ಯಾರೋ ಪರಗಂಡಸರು ಬಾಗಿಲಲ್ಲಿದ್ದಾರೆ ಅಂತ ಒಳಗೆ ಓಡಿದೆನಲ್ರೀ! ಮದುವೆಯಾಗಿ ಇಷ್ಟು ವರ್ಷ ಆಯ್ತು, ನೀವು ಯಾವತ್ತು ಸಲಾಂ ಹೇಳಿ ಮನೆಗೆ ಬಂದಿದ್ದೀರಿ? 'ಊಟಕ್ಕೆ ಏನಿದೆ' ಅಂತಲೇ ಬರೋರು! ಇದ್ದ ಹಾಲೆಲ್ಲ ಚಾಕ್ಕೆ ಸುರಿದುಬಿಟ್ಟೆ. ಈಗ ಅಷ್ಟೂ ನೀವೇ ಕುಡೀರಿ!"

ಅಷ್ಟೂ ಕುಡಿದರು. ಮರುದಿನವೂ ಸಲಾಂ ಹೇಳಿಯೇ ಬಂದರು. ಅದರ ಮರುದಿನವೂ. ಬೇಗಂಗೆ ಈಗ ಗಾಬರಿಯ ಬದಲು ಗುಮಾನಿ ಶುರುವಾಯಿತು. "ಗಂಡಸು ಮನೆಗೆ ಇಷ್ಟು ಮೆತ್ತಗೆ ಬರ್ತಾನೆ ಅಂದ್ರೆ ಹೊರಗೆ ಏನೋ ಮಾಡ್ಕೊಂಡು ಬಂದಿದ್ದಾನೆ ಅಂತಲೇ," ಎಂದು ಗೋಡೆಯಾಚೆಯ ಪದ್ಮಮ್ಮನ ಹತ್ತಿರ ಹೇಳಿದ್ದು ಸಾಹೇಬರ ಕಿವಿಗೇ ಬಿತ್ತು.

ಬಜಾರಿನ ಕಥೆಯೂ ಅಷ್ಟೇ. ಯಾರು ಎದುರಾದರೂ ಅವರು ಬಾಯಿ ತೆರೆಯುವ ಮೊದಲೇ ಸಾಹೇಬರ ಸಲಾಂ ಹಾರಿ ಹೋಗಿ ಅವರ ಮೇಲೆ ಕೂರುತ್ತಿತ್ತು. "ಮುನಿಸಿಪಾಲಿಟಿ ಎಲೆಕ್ಷನ್ನಿಗೆ ನಿಲ್ತಾರಂತೆ," ಎಂದರು ಕೆಲವರು. "ಎರಡನೇ ನಿಕಾಹ್ ಅಂತೆ," ಎಂದರು ಇನ್ನು ಕೆಲವರು. ಒಬ್ಬನಾದರೂ ತಪ್ಪಿ "ಶಾಂತಿ ಹಂಚ್ತಾ ಇದ್ದಾರೆ" ಎನ್ನಲಿಲ್ಲ! ಸವಾರಿಯ ಮೇಲಿರುವವನು ಮೊದಲು ಹೇಳಬೇಕು ಎಂಬ ನಿಯಮ ನೆನಪಿಗೆ ಬಂದು, ಎರಡು ಮಾರು ದೂರದ ಚಹಾ ಅಂಗಡಿಗೂ ಸೈಕಲ್ ಹತ್ತಿಯೇ ಹೊರಟರು. ಎಡಗಡೆ ಒಬ್ಬರಿಗೆ ಸಲಾಂ, ಬಲಗಡೆ ಒಬ್ಬರಿಗೆ ಸಲಾಂ, ಪ್ರತಿ ಸಲವೂ ಕೈ ಹಣೆಗೆ. ಹ್ಯಾಂಡಲ್ಲಿಗೆ ಇರುವುದು ಎರಡೇ ಕೈ ಎಂಬುದು ನೆನಪಾಗುವಷ್ಟರಲ್ಲಿ ಸೈಕಲ್ಲು ತರಕಾರಿ ಮಾರುವ ಕಾಶಮ್ಮನ ಬದನೆಕಾಯಿ ಬುಟ್ಟಿಯನ್ನು ಹತ್ತಿ ಇಳಿದಿತ್ತು.

"ಏನ್ ಸಾಬ್ರೆ, ಕಣ್ಣು ಕಿಸೆಯಲ್ಲಿಟ್ಕೊಂಡು ಸೈಕಲ್ ಹೊಡೀತೀರಾ?" ಕಾಶಮ್ಮ ಸೆರಗು ಸಿಕ್ಕಿಸಿ ಎದ್ದು ನಿಂತಳು.

ರಸ್ತೆಯ ಮೇಲೆ ಬಿದ್ದಿದ್ದ ಸಾಹೇಬರು, ಬಿದ್ದಲ್ಲಿಂದಲೇ ಕೈಯೆತ್ತಿ, "ನಿಮ್ಮ ಮೇಲೆ ಶಾಂತಿ ಇರಲಿ," ಎಂದರು. ಆಮೇಲೆ ಕಾಶಮ್ಮ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅವತ್ತು ಮೊಣಕಾಲಿಗೆ ಅರಿಸಿನ ಹಚ್ಚುತ್ತ ಖುರ್ಷಿದ್ ಬೇಗಂ ತಮ್ಮ ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕಿದರು. "ಊರಿಗೆಲ್ಲ ಹಂಚ್ತಾ ಇದ್ದೀರಿ, ಬಿದ್ದು ಏಳ್ತಾ ಇದ್ದೀರಿ. ಭದ್ರಾವತಿಯಲ್ಲಿ ನನ್ನ ತಮ್ಮ ಒಬ್ಬ ಇದ್ದಾನೆ. ಅವನಿಗೆ ಒಂದು ಸಲಾಂ ಹೇಳೋಕೆ ನಿಮ್ಮ ನಾಲಿಗೆಗೆ ಏನಾಗಿದೆ?"

ಸಾಹೇಬರು ಅರಿಸಿನ ಉರಿದವರಂತೆ ಕಾಲು ಹಿಂದಕ್ಕೆ ಎಳೆದುಕೊಂಡರು.

ಸಂಗತಿ ಏನೆಂದರೆ, ಬೇಗಂ ಅವರ ತಮ್ಮ ಮೆಹಬೂಬ್ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮಿಸ್ತ್ರಿ. ವರ್ಷದ ಹಿಂದೆ ಅವನು ಕಾರ್ಖಾನೆಯ ಗೆಳೆಯರನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬಂದಿದ್ದ. "ನಮ್ಮ ಭಾವನ ಅಂಗಡಿ," ಎಂದು ಹೆಮ್ಮೆಯಿಂದ ತೋರಿಸಿ, "ಅಸ್ಸಲಾಮು ಅಲೈಕುಂ ಭಾವ!" ಎಂದಿದ್ದ. ಭಾವ ಆಗ ಚಕ್ರಕ್ಕೆ ಕಡ್ಡಿ ಹಾಕುತ್ತಿದ್ದರು. ಕಡ್ಡಿಯ ತುದಿಗೆ ಹಾಕುವ ಪುಟ್ಟ ತಿರುಪುಗಳನ್ನು ಬಾಯಲ್ಲಿಟ್ಟುಕೊಂಡು ಒಂದೊಂದಾಗಿ ತೆಗೆಯುವುದು ಸೈಕಲ್ಲಿನವರ ವಾಡಿಕೆ. ಎರಡು ಕೈಯೂ ಖಾಲಿ ಇರಬೇಕಲ್ಲ! ಬಾಯಿ ತುಂಬ ತಿರುಪು ಇದ್ದ ಭಾವ ಬರೀ ತಲೆಯಾಡಿಸಿದರು. ತಿರುಪು ಉಗುಳಿ ಬಾಯಿ ತೆರೆಯುವಷ್ಟರಲ್ಲಿ ಮೆಹಬೂಬ್ ಬೆನ್ನು ತಿರುಗಿಸಿ ಹೋಗಿಬಿಟ್ಟಿದ್ದ. "ನಾಲ್ಕು ಜನರ ಮುಂದೆ ನನ್ನ ಸಲಾಮಿಗೆ ಜವಾಬಿಲ್ಲ! ಗಿರಾಕಿಗೆ ಆಡಿಸಿದ ಹಾಗೆ ತಲೆ ಆಡಿಸಿದರು!"

ಅಲ್ಲಿಂದ ಮಾತು ನಿಂತಿತು. "ನನ್ನ ಸಲಾಮಿಗೆ ಮೊದಲು ಜವಾಬು ಬರಲಿ," ಎಂದು ಅವನು. "ಜವಾಬು ಕೊಡೋಕೆ ಮುಂಚೆ ಓಡಿದವನು ಅವನು. ಇನ್ನೊಂದು ಸಲ ಹೇಳಲಿ, ಕೊಡ್ತೀನಿ. ಚಿಕ್ಕವನಲ್ವಾ?" ಎಂದು ಇವರು. ಈ ಇಬ್ಬರ ನಡುವೆ ಖುರ್ಷಿದ್ ಬೇಗಂ ವರ್ಷದಿಂದ ತವರಿನ ಹೊಸ್ತಿಲು ತುಳಿದಿರಲಿಲ್ಲ. ಗಂಡನನ್ನು ಬಿಟ್ಟು ಒಬ್ಬಳೇ ಹೋದರೆ ಓಣಿಯವರು ಏನೇನೋ ಕಟ್ಟುತ್ತಾರೆ ಎಂದು ಹಟ ಹಿಡಿದು ಕೂತಿದ್ದರು. ಅವರ ತಾಯಿ ಸರ್ವರ್ ಬೀ ಮಗನ ಮನೆಯಲ್ಲಿದ್ದರು. ಮುದುಕಿಯ ಕಣ್ಣು ಮಂಜಾಗಿತ್ತು.

"ಅಮ್ಮಿ ಹೇಳಿಕಳಿಸಿದ್ದಾರೆ," ಎಂದರು ಬೇಗಂ. "ಕಣ್ಣು ಪೂರ್ತಿ ಹೋಗೋದರೊಳಗೆ ಒಂದು ಸಲ ಮುಖ ತೋರಿಸಿ ಹೋಗು ಅಂತ. ಈ ರಂಜಾನ್ ಹಬ್ಬಕ್ಕೆ ನಾನು ಹೋಗ್ಲೇಬೇಕು. ನಿಮ್ಮ ಜೊತೆಗೇ ಹೋಗಬೇಕು."

ಸಾಹೇಬರ ಎದೆ ಚುರ್ ಎಂದಿತು. ಮೂರ್ಖತನ ಬೇಕಾದಷ್ಟಿತ್ತು, ಕೆಟ್ಟ ಮನಸ್ಸಿರಲಿಲ್ಲ. ಆದರೆ ತಾವೇ ಮೊದಲು ಹೇಳುವುದೆ? ಗಂಡಸು ಅಷ್ಟು ಸುಲಭವಾಗಿ ನೆಟ್ಟಗಾಗುವ ರಿಮ್ಮಲ್ಲ. ಇಡೀ ರಂಜಾನ್ ತಿಂಗಳು ಯೋಚಿಸಿದರು. ಚಂದ್ರ ಕಾಣುವ ಹಿಂದಿನ ದಿನ ಅಂಗಡಿಯಲ್ಲಿ ತೊಡೆ ತಟ್ಟಿಕೊಂಡು ಎದ್ದರು.

"ಕೊಟ್ರಬಸಪ್ಪನವರೇ, ಹೊಳೀತು!"

"ಏನು, ಕತ್ತೆಗೆ ಕೊಂಬು ಯಾಕಿಲ್ಲ ಅಂತಲಾ?"

"ಅಲ್ಲ ಮಾರಾಯ್ರೆ! ನಮ್ಮ ನಮಾಜು ಮುಗಿಯೋದು ಸಲಾಮಿನಿಂದ. ಎಲ್ಲರೂ ಮೊದಲು ಬಲಗಡೆ ಮುಖ ತಿರುಗಿಸಿ ಸಲಾಂ ಹೇಳ್ತೀವಿ, ಆಮೇಲೆ ಎಡಗಡೆ. ಹಬ್ಬದ ದಿನ ನಾನು ಮೆಹಬೂಬನ ಬಲಗಡೆ ಹೋಗಿ ಕೂತರೆ? ಅವನ ಮೊದಲ ಸಲಾಂ ಬೀಳೋದು ಯಾರ ಮೇಲೆ? ನನ್ನ ಮೇಲೆ! ಜವಾಬು ಕೊಡೋದು ಕಡ್ಡಾಯ. ಕೊಟ್ಟುಬಿಡ್ತೀನಿ. ಅವನು ಮೊದಲು ಹೇಳಿದ ಹಾಗೂ ಆಯ್ತು, ನಾನು ಜವಾಬು ಕೊಟ್ಟ ಹಾಗೂ ಆಯ್ತು!"

ಕೊಟ್ರಬಸಪ್ಪ ತಲೆ ಕೆರೆದುಕೊಂಡರು. "ಸಾಹೇಬ್ರೆ, ಇಷ್ಟು ತಲೆ ಓಡಿಸೋ ಬದಲು ನೀವೇ ಹೇಳಿಬಿಟ್ರೆ ಏನಾಗುತ್ತೆ?"

"ಅದೊಂದು ಬಿಟ್ಟು ಬೇರೇನಾದ್ರೂ ಕೇಳಿ," ಎಂದರು ಸಾಹೇಬರು.

ಹಬ್ಬದ ಬೆಳಿಗ್ಗೆ ಗಂಡ ಹೆಂಡತಿ ರೈಲಿನಲ್ಲಿ ಭದ್ರಾವತಿಗೆ ಇಳಿದರು. ಸಾಹೇಬರದು ಹೊಸ ಶೇರ್ವಾನಿ, ಕಿವಿಯಲ್ಲಿ ಅತ್ತರಿನ ಹತ್ತಿ, ಕಂಕುಳಲ್ಲಿ ಹೊಸ ಜಮಖಾನೆ. ಬೇಗಂ ಕೈಯಲ್ಲಿ ಶಾವಿಗೆಯ ಡಬ್ಬಿ. ದಾರಿಯಲ್ಲಿದ್ದ ಗೆಳತಿ ಕುಲ್ಸುಂ ಮನೆಯಲ್ಲಿ ಬೇಗಂ ಉಳಿದುಕೊಳ್ಳುವುದು, ಈದ್ಗಾದಲ್ಲಿ ಕೆಲಸ ಗೆದ್ದರೆ ಅಲ್ಲಿಂದ ತವರಿಗೆ, ಸೋತರೆ ಸಂಜೆಯ ರೈಲಿಗೆ ವಾಪಸ್ಸು ಎಂದು ಮಾತಾಗಿತ್ತು.

"ನಿನ್ನ ತಮ್ಮನ ಸಲಾಮನ್ನ ಜೇಬಲ್ಲಿ ಹಾಕ್ಕೊಂಡು ಬರ್ತೀನಿ, ನೋಡ್ತಾ ಇರು!"

"ಜೇಬು ಹರಿದಿಲ್ಲ ತಾನೆ?" ಎಂದರು ಬೇಗಂ. ನಗಲಿಲ್ಲ. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಕುಲ್ಸುಂ ಮನೆಯ ಒಳಗೆ ಹೋದರು.

ಈದ್ಗಾದಲ್ಲಿ ಮೆಹಬೂಬ್ ಬೇಗನೆ ಕಣ್ಣಿಗೆ ಬಿದ್ದ. ಆದರೆ ಅವನ ಬಲಗಡೆ ಆಗಲೇ ರಸೂಲ್ ಸಾಬ್ ಎಂಬ ಗೋರಂಟಿ ಗಡ್ಡದ ಹಿರಿಯರು ಬೇವಿನ ನೆರಳಿನಲ್ಲಿ ಹಾಯಾಗಿ ಕೂತಿದ್ದರು. ಎಡಗಡೆ ಬೇಕಾದಷ್ಟು ಜಾಗ ಖಾಲಿ! ಎಡಗಡೆ ಕೂತರೆ ಲೆಕ್ಕವೆಲ್ಲ ತಿರುಗಾಮುರುಗಾ. ತಮ್ಮ ಮೊದಲ ಸಲಾಂ ಹೋಗಿ ಅವನ ಮೇಲೆ ಬೀಳುತ್ತದೆ!

"ಚಾಚಾ, ಸ್ವಲ್ಪ ಆ ಕಡೆ ಸರೀತೀರಾ?"

"ಆ ಕಡೆ ಬಿಸಿಲು. ನೀನೇ ಅಲ್ಲಿ ಕೂರು."

"ನನಗೆ ಇಲ್ಲೇ ಬೇಕು ಚಾಚಾ. ಬೇಕಾದ್ರೆ ಈ ಜಮಖಾನೆ ತಗೊಳ್ಳಿ. ಹೊಸದು. ನಿಮಗೇ ಇರಲಿ!"

ರಸೂಲ್ ಸಾಬರು ಜಮಖಾನೆಯನ್ನು ತಟ್ಟಿ ನೋಡಿ, ಮಡಚಿ ಹಾಸಿ, ಬಿಸಿಲಿಗೆ ಸರಿದರು. ಸಾಹೇಬರು ಬರೀ ನೆಲದ ಮೇಲೆ, ಗೆದ್ದ ಸೇನಾಪತಿಯ ಗತ್ತಿನಲ್ಲಿ ಮೆಹಬೂಬನ ಬಲಕ್ಕೆ ಪ್ರತಿಷ್ಠಾಪಿತರಾದರು. ಮೆಹಬೂಬ್ ಒಮ್ಮೆ ವಾರೆಗಣ್ಣಿನಿಂದ ನೋಡಿ, ನೆಟ್ಟಗೆ ಮುಂದಕ್ಕೆ ನೋಡುತ್ತ ಕೂತ.

ನಮಾಜು ಶುರುವಾಯಿತು. ಅದರಲ್ಲಿ ಮಾತ್ರ ಸಾಹೇಬರು ಯಾವ ಲೆಕ್ಕಾಚಾರವನ್ನೂ ಇಟ್ಟುಕೊಳ್ಳಲಿಲ್ಲ. ತಲೆ ಬಾಗಿದಾಗ ಮನಸ್ಸೂ ಬಾಗಿತು. ಹೆಂಡತಿ ಡಬ್ಬಿ ಒತ್ತಿಕೊಂಡು ನಿಂತದ್ದು ನೆನಪಿಗೆ ಬಂದು ಕಣ್ಣು ಒದ್ದೆಯಾಯಿತು. ಕೊನೆಗೆ ಸಾಲು ಸಾಲು ಮುಖಗಳು ಬಲಕ್ಕೆ ತಿರುಗಿದವು. ಮೆಹಬೂಬನ ಸಲಾಂ ಸಾಹೇಬರ ಎಡಗಿವಿಯ ಮೇಲೆ ಸರಿಯಾಗಿ ಬಿತ್ತು! ಆದರೆ ಸಾಹೇಬರೂ ಬಲಕ್ಕೇ ತಿರುಗಿದ್ದರಿಂದ ಅವರಿಗೆ ಕಂಡದ್ದು ರಸೂಲ್ ಸಾಬರ ಗೋರಂಟಿ ಗಡ್ಡ. ಆಮೇಲೆ ಮುಖಗಳು ಎಡಕ್ಕೆ ತಿರುಗಿದವು. ಸಾಹೇಬರಿಗೆ ಮೆಹಬೂಬನ ಬಲಗಿವಿ ಕಂಡಿತು. ಅವನು ಇನ್ನೆಲ್ಲೋ ನೋಡುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ಒಬ್ಬರಿಗೊಬ್ಬರು ಶಾಂತಿ ಹೇಳಿ ಮುಗಿಸಿದ್ದರು.

ಕೂಡಲೇ ಜವಾಬು ಕೊಡೋಣವೆಂದರೆ ಹಬ್ಬದ ಪ್ರವಚನ ಮೊದಲಾಯಿತು. ಅದು ಮುಗಿಯುವವರೆಗೆ ತುಟಿ ಬಿಚ್ಚುವಂತಿಲ್ಲ. ಸಾಹೇಬರು ಜವಾಬನ್ನು ಬಾಯಲ್ಲಿ ತುಂಬಿಕೊಂಡು ಕೆನ್ನೆ ಊದಿಸಿಕೊಂಡು ಕೂತರು. ಎಲ್ಲರೂ ಎದ್ದು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದಂತೆ ಅದು ಸಿಡಿಯಿತು.

"ವ ಅಲೈಕುಂ ಅಸ್ಸಲಾಂ!"

ಮೆಹಬೂಬ್ ಬೆಚ್ಚಿಬಿದ್ದ. "ಯಾರಿಗೆ?"

"ನಿನಗೇ! ಈಗ ತಾನೆ ಸಲಾಂ ಹೇಳಿದೆಯಲ್ಲ, ಅದಕ್ಕೆ!"

"ನಾನಾ? ನಾನು ಹೇಳಿದ್ದು ನನ್ನ ಬಲಭುಜದ ಮೇಲಿರೋ ಫರಿಶ್ತೆಗೆ!"

"ದೇವದೂತರಿಗೂ ಸೇರುತ್ತೆ, ಪಕ್ಕದವನಿಗೂ ಸೇರುತ್ತೆ! ಆ ಭುಜದ ಆಚೆ ಕೂತಿದ್ದವನು ನಾನು!"

"ಹಾಗಾದ್ರೆ ನೀವು ಎಡಕ್ಕೆ ತಿರುಗಿ ಹೇಳಿದ್ದು? ಅದು ನನಗೇ ಸೇರಿತಲ್ಲ!"

"ಅದು... ಅದು ನನ್ನ ಎಡಭುಜದ ಫರಿಶ್ತೆಗೆ!"

ಸುತ್ತ ಜನ ಸೇರಿದರು. ಕಾರ್ಖಾನೆಯ ಗದ್ದಲದಲ್ಲಿ ಬೆಳೆದ ಮೆಹಬೂಬನ ಗಂಟಲಿಗೂ ಬಜಾರಿನಲ್ಲಿ ಬೆಳೆದ ಸಾಹೇಬರ ಗಂಟಲಿಗೂ ಪೈಪೋಟಿ ಬಿತ್ತು. ರಸೂಲ್ ಸಾಬರನ್ನು ಸಾಕ್ಷಿಗೆ ಕರೆದರೆ ಅವರು ಜಮಖಾನೆಯನ್ನು ಭದ್ರವಾಗಿ ಸುತ್ತಿಕೊಳ್ಳುತ್ತ, "ನನಗೇನೂ ಕೇಳಿಸಲಿಲ್ಲಪ್ಪ," ಎಂದು ನಡೆದುಬಿಟ್ಟರು.

"ಬನ್ನಿ, ಅಮ್ಮಿ ಹತ್ರಾನೇ ತೀರ್ಮಾನ ಆಗಲಿ!" ಎಂದ ಮೆಹಬೂಬ್.

"ನಡಿ! ನಾನೇನು ಹೆದರ್ತೀನಾ?"

ಇಬ್ಬರೂ ಕೈ ಬೀಸುತ್ತ, ಕೂಗಾಡುತ್ತ ಹೊರಟರು. ಕಾರ್ಖಾನೆಯ ಲೈನು ಮನೆಗಳಲ್ಲಿದ್ದ ತಮಿಳರವನೊಬ್ಬ ಬಾಗಿಲಿಗೆ ಬಂದು, "ಅಯ್ಯೋ, ಎನ್ನ ಮಿಸ್ತ್ರಿ, ಹಬ್ಬದ ದಿನ ಜಗಳ ಮಾಡ್ತಾನೆ?" ಎಂದು ಮರುಗಿದ. ಕುಲ್ಸುಂ ಮನೆಯ ಮುಂದೆ ಈ ಮೆರವಣಿಗೆ ಹಾಯ್ದಾಗ ಕುಲ್ಸುಂ ಕಿಟಕಿಯಿಂದ ನೋಡಿ ಹಣೆ ಚಚ್ಚಿಕೊಂಡಳು. "ಮುಗೀತು ಕಣೇ ಖುರ್ಷಿದ್! ಹೊಡೆದಾಡೋದೊಂದು ಬಾಕಿ!"

ಖುರ್ಷಿದ್ ಬೇಗಂ ಮಾತ್ರ ಕಿಟಕಿಗೆ ಮುಖವಿಟ್ಟು ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು. "ವರ್ಷದಿಂದ ಮಾತು ಬಿಟ್ಟೋರು ಮಾತಾಡ್ತಾ ಇದ್ದಾರಲ್ಲೇ ಮಾರಾಯ್ತಿ! ಅದೂ ಎಷ್ಟು ಜೋರಾಗಿ!" ಎಂದವರೇ ಬುರ್ಖಾ ಹಾಕಿಕೊಂಡು, ಡಬ್ಬಿ ಎತ್ತಿಕೊಂಡು ಹಿತ್ತಲ ದಾರಿ ಹಿಡಿದು ಓಡಿದರು.

ಮನೆಯ ಬಾಗಿಲಿಗೆ ಬಂದಾಗಲೂ ಗಂಡಸರ ಫರಿಶ್ತೆಗಳ ವ್ಯಾಜ್ಯ ಮುಗಿದಿರಲಿಲ್ಲ. ಇಬ್ಬರೂ ಒಟ್ಟಿಗೆ ಒಳಗೆ ನುಗ್ಗಿದರು. ಮಂಚದ ಮೇಲೆ ಕೂತಿದ್ದ ಸರ್ವರ್ ಬೀ ಮಂಜುಗಣ್ಣನ್ನು ಬಾಗಿಲ ಕಡೆ ತಿರುಗಿಸಿದರು.

"ಖುರ್ಷಿದ್, ನೋಡು, ದನ ಏನಾದ್ರೂ ನುಗ್ಗಿತಾ? ಮನುಷ್ಯರಾದ್ರೆ ಬಾಗಿಲಲ್ಲಿ ಸಲಾಂ ಹೇಳಿ ಬರ್ತಾರೆ."

ಅಡುಗೆಮನೆಯ ಬಾಗಿಲಲ್ಲಿ ಬೇಗಂ ನಿಂತಿದ್ದರು! ಗಂಡ, ತಮ್ಮ ಇಬ್ಬರೂ ನಾಲಿಗೆ ಕಚ್ಚಿಕೊಂಡರು. ಸಲಾಮಿಗಾಗಿ ಅರ್ಧ ಭದ್ರಾವತಿಯನ್ನು ಎಬ್ಬಿಸಿ ಬಂದವರು ಸಲಾಂ ಹೇಳುವುದನ್ನೇ ಮರೆತಿದ್ದರು.

"ಹೊರಗೆ ಹೋಗಿ," ಎಂದರು ಮುದುಕಿ. "ಇಬ್ಬರೂ. ಹೋಗಿ, ಮನುಷ್ಯರಾಗಿ ಬನ್ನಿ."

ಹೊಸ್ತಿಲಾಚೆ ಇಬ್ಬರೂ ನಿಂತರು. ಒಬ್ಬರನ್ನೊಬ್ಬರು ನೋಡಿದರು. ಯಾರು ಮೊದಲು? ಒಳಗಿಂದ ಬಿರಿಯಾನಿಯ ಘಮ ಬರುತ್ತಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಮೆಹಬೂಬ್ ತುಟಿ ಬಿಗಿಹಿಡಿದ. ಸಾಹೇಬರೂ ಬಿಗಿಹಿಡಿದರು. ಅಷ್ಟರಲ್ಲಿ ಅವರ ಕಣ್ಣು ಹೆಂಡತಿಯ ಮೇಲೆ ಬಿತ್ತು. ತಾಯಿಯ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕೂತಿದ್ದ ಖುರ್ಷಿದ್ ಬೇಗಂ ಬಾಗಿಲನ್ನೇ ನೋಡುತ್ತಿದ್ದರು. ಇಷ್ಟು ದಿನ ಈ ಮುಖವನ್ನು ಬಾಡಿಸಿದ್ದು ತಾವೇ ಎಂದು ಸಾಹೇಬರಿಗೆ ನಾಚಿಕೆಯಾಯಿತು.

"ಅಸ್ಸಲಾಮು ಅಲೈಕುಂ," ಎಂದುಬಿಟ್ಟರು.

"ವ ಅಲೈಕುಂ ಅಸ್ಸಲಾಂ!" ಜವಾಬು ಒಳಗಿಂದಲೂ ಬಂತು, ಪಕ್ಕದಿಂದಲೂ ಬಂತು. ಕಾಯುತ್ತಲೇ ಇದ್ದವನಂತೆ ಮೆಹಬೂಬ್ ಹೇಳಿಬಿಟ್ಟಿದ್ದ. ಹೇಳಿದ ಮೇಲೆ ಕುಣಿದಾಡಿದ. "ಭಾವನೇ ಮೊದಲು! ಅಮ್ಮಿ, ಕೇಳಿದ್ಯಾ? ಭಾವನೇ ಮೊದಲು ಹೇಳಿದ್ದು!"

'ಅದು ನಿನಗಲ್ಲ, ಅತ್ತೆಗೆ!' ಎಂಬ ಮಾತು ಸಾಹೇಬರ ಗಂಟಲವರೆಗೆ ಬಂತು. ಅದನ್ನು ನುಂಗಿಕೊಂಡರು. "ಹೌದಪ್ಪ, ನಾನೇ," ಎಂದು ತೋಳು ಚಾಚಿದರು. ಮೆಹಬೂಬ್ ಎಷ್ಟು ಬಿಗಿಯಾಗಿ ಅಪ್ಪಿಕೊಂಡನೆಂದರೆ ಹೊಸ ಶೇರ್ವಾನಿಯ ಗುಂಡಿಯೊಂದು ಹಾರಿಹೋಯಿತು.

ಬಟ್ಟಲುಗಳು ಬಂದವು. ಖುರ್ಷಿದ್ ಬೇಗಂ ಶಾವಿಗೆಯ ಹಾಲನ್ನು ಬಡಿಸಲು ಸೌಟು ಹಿಡಿದರು. ಸರ್ವರ್ ಬೀ ಕೈಯೆತ್ತಿ ತಡೆದರು.

"ತಾಳು. ಮೊದಲು ಸಲಾಂ ಹೇಳಿದವನಿಗೆ ಪುಣ್ಯ ಜಾಸ್ತಿ, ಜವಾಬು ಕೊಟ್ಟವನಿಗೆ ಕಡಿಮೆ. ಅಲ್ವಾ ಅಳಿಯಂದಿರೇ?"

"ಹೌದು ಅತ್ತೆ!" ಸಾಹೇಬರು ಗುಂಡಿ ಇಲ್ಲದ ಎದೆಯನ್ನು ಉಬ್ಬಿಸಿದರು.

"ಹಾಗಿದ್ರೆ ಅವರಿಗೆ ಸಿಗೋದು ಸಿಕ್ಕಾಯ್ತು. ಪಾಪ, ನನ್ನ ಮಗನಿಗೇ ಕಡಿಮೆ ಆಗಿದ್ದು. ತಳದಲ್ಲಿರೋ ಬಾದಾಮಿ, ದ್ರಾಕ್ಷಿ, ಖರ್ಜೂರ ಅಷ್ಟೂ ಕೆದಕಿ ಅವನ ಬಟ್ಟಲಿಗೆ ಹಾಕು!"

ಬೇಗಂ ಒಂದೂ ಬಿಡದೆ ಕೆದಕಿ ತಮ್ಮನಿಗೆ ಹಾಕಿದರು. ಉಳಿದ ತೆಳ್ಳನೆಯ ಹಾಲನ್ನು ಗಂಡನ ಬಟ್ಟಲಿಗೆ ಸುರಿದು, ಮುಂದಕ್ಕೆ ತಳ್ಳಿ ಹೇಳಿದರು:

"ತಗೊಳ್ಳಿ. ಶಾಂತವಾಗಿ ಕುಡೀರಿ."